ಬೇಲಿಯಿಲ್ಲದ ತೋಟ

ಅಳಲೆಕಾಯಿಯ ಒಗರು ವಾಸನೆ ಮತ್ತೆ ಮೂಗಿಗೆ ಬಡಿದದ್ದು ಶಿರಾದಿಂದ ನೂರಾರು ಮೈಲಿ ಆಚೆ, ಯಾವನೋ ನವಾಬ ಕಟ್ಟಿಸಿದ ತೋಟದೊಳಗಿನ ಮಹಲಿನಲ್ಲಿ. ಹೋದ ದಸರಾ ರಜೆಗೆ ಹೆಂಡತಿ ಲಲಿತೆಯೊಡನೆ ಉತ್ತರದ ಪ್ರವಾಸಕ್ಕೆ ಹೋಗಿದ್ದೆ. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ತೋಟದ ನಡುವೆ ಒಂದು ಕಟ್ಟೆ, ಅದರಿಂದ ನಾಲ್ಕು ದಿಕ್ಕಿಗೆ ನಾಲ್ಕು ಕಾಲುವೆ, ಕಾಲುವೆಗಳ ಬದಿಗೆ ಒಂದೇ ಎತ್ತರಕ್ಕೆ ಕತ್ತರಿಸಿ ನಿಲ್ಲಿಸಿದ ಗಿಡಗಳು. ತೋರಿಸಲು ಬಂದವನು ಹತ್ತು ಹೆಜ್ಜೆಗೊಮ್ಮೆ ನಿಂತು, ಇಡೀ ತೋಟದಲ್ಲಿ ಒಂದು ಗೆರೆಯೂ ಸೊಟ್ಟಗಿಲ್ಲ ಎಂದು ಹೇಳುತ್ತಿದ್ದ. ಮೂರನೆಯ ಸಲ ಹೇಳಿದಾಗ ನನಗೆ ರೇಗಿತು. ಸೊಟ್ಟ ಕಾಲುವೆಯೊಂದರ ಮೇಲೆ ನನಗೆ ಹಳೆಯ ಸಿಟ್ಟೊಂದು ಇತ್ತೆಂಬುದು ಆಗ ನೆನಪಿಗೆ ಬರಲಿಲ್ಲ.

ಮಹಲಿನಲ್ಲಿ ಈಗ ವಿನ್ಯಾಸಗಳ ವಸ್ತುಸಂಗ್ರಹಾಲಯ. ಬಾಚಣಿಗೆ, ಬೀಗ, ಅಡಕತ್ತರಿ, ದೀಪದ ಕಂಬ, ಎಲ್ಲವೂ ಬಳಸುವವರ ಕೈಬಿಟ್ಟು ಗಾಜಿನ ಹಿಂದೆ ಸೇರಿದ್ದವು. ಕೊನೆಯ ಕೋಣೆಯಲ್ಲಿ ಬಟ್ಟೆಯ ಮೇಲೆ ಬಣ್ಣ ಒತ್ತುವ ಮರದ ಅಚ್ಚುಗಳು. ಅಲ್ಲಿ ಗಾಜಿರಲಿಲ್ಲ, ಅಡ್ಡ ಕಟ್ಟಿದ ಹಗ್ಗವೊಂದೇ ಇತ್ತು. ಎಣ್ಣೆ ಕುಡಿದು ಕಪ್ಪಾದ ಮರದಿಂದ ಆ ವಾಸನೆ ಬಂತು. ಬಗ್ಗಿ ನೋಡಿದೆ. ಒಂದು ಅಚ್ಚಿನ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ‘ಶಿ. ೧೭’ ಎಂದು ಕನ್ನಡದಲ್ಲಿ ಬರೆದಿತ್ತು. ಏಳರ ಬಾಲವನ್ನು ಅನಗತ್ಯವಾಗಿ ಉದ್ದ ಎಳೆಯುವುದು ನನ್ನ ಕೈ.

ಕೆಳಗಿನ ಚೀಟಿಯಲ್ಲಿ ಹೀಗಿತ್ತು: ತೋಟದ ಅಚ್ಚು, ಪರ್ಷಿಯನ್ ಮಾದರಿ, ತಯಾರಾದ ಸ್ಥಳ ತಿಳಿಯದು.

ಅಚ್ಚಿನ ಮೇಲುಗಡೆ, ಸಂಗ್ರಹಾಲಯದವರು ಅದರಿಂದಲೇ ಒತ್ತಿಸಿದ ಬಟ್ಟೆಯೊಂದನ್ನು ತೂಗುಹಾಕಿದ್ದರು. ಆ ಬಟ್ಟೆಯನ್ನು ನಾನು ಅದೇ ಮೊದಲು ನೋಡಿದ್ದು. ನಡುವೆ ಕಟ್ಟೆ, ಮೇಲ್ತುದಿಗೆ ಕೊಳ, ನಾಲ್ಕು ಪಾತಿ, ಅವುಗಳ ನಡುವೆ ಕಾಲುವೆ. ಅಡ್ಡ ಕಾಲುವೆ ಒಂದು ಬದಿಯಲ್ಲಿ ಮಾತ್ರ ಮೊಣಕೈಯಂತೆ ಬಾಗಿ ಮತ್ತೆ ನೆಟ್ಟಗಾಗಿತ್ತು. ಅಚ್ಚಿನಲ್ಲಿ ಆ ತಿರುವು ಬಲಕ್ಕಿತ್ತು. ಬಟ್ಟೆಯಲ್ಲಿ ಎಡಕ್ಕಿತ್ತು.

“ಏನ್ರೀ, ಹೀಗೆ ನಿಂತುಬಿಟ್ಟಿರಿ?” ಎಂದಳು ಲಲಿತೆ.

“ಇದನ್ನು ಕಳಿಸಿದವನು ನಾನು. ಶಿರಾದಿಂದ.”

“ಮತ್ತೆ ಸ್ಥಳ ತಿಳಿಯದು ಅಂತ ಹಾಕಿದ್ದಾರಲ್ಲ? ಅವರಿಗೆ ಹೇಳಲಿಲ್ಲವೆ ನೀವು?”

ಹೇಳಿದ್ದೆ. ಏನು ಹೇಳಿದ್ದೆ ಎಂಬುದೇ ತೊಂದರೆ.

ಐವತ್ತೆಂಟರ ಕಾರ್ತಿಕದಿಂದ ಸಂಕ್ರಾಂತಿಯವರೆಗೆ ನಾನು ಮಧುಗಿರಿಯಲ್ಲಿದ್ದೆ. ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮುಗಿಸಿ ಒಂದು ವರ್ಷ ಅಲೆದ ಮೇಲೆ, ಕೈಕಸುಬುಗಳ ಸಮೀಕ್ಷೆಯೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸುತ್ತಿ, ಯಾವ ಊರಿನಲ್ಲಿ ಯಾವ ಕಸುಬು ಉಳಿದಿದೆ ಎಂದು ಪಟ್ಟಿ ಮಾಡಬೇಕು. ಒಳ್ಳೆಯ ಮಾದರಿಗಳು ಸಿಕ್ಕರೆ ಮುಂದೆ ತೆರೆಯಲಿರುವ ವಸ್ತುಸಂಗ್ರಹಾಲಯಕ್ಕೆ ಕಳಿಸಬೇಕು. ಬೆಟ್ಟದ ಬುಡದಲ್ಲಿ ಬಾಡಿಗೆಯ ಕೋಣೆ. ಹಗಲೆಲ್ಲ ಕಾದ ಆ ಏಕಶಿಲೆ ಸಂಜೆಯಿಡೀ ನನ್ನ ಕಿಟಕಿಗೆ ಬಿಸಿ ಉಗುಳುತ್ತಿತ್ತು. ಕಾರ್ತಿಕದಲ್ಲಿ ಹೀಗೆ ಬಿಸಿಯಾಗುತ್ತದೆಯೆ ಎಂದು ಈಗ ಕೇಳಿಕೊಂಡರೆ ಅನುಮಾನ ಬರುತ್ತದೆ. ಬಿಸಿ ಬಂಡೆಯದೋ ನನ್ನ ತಲೆಯದೋ ಹೇಳಲಾರೆ.

ನನಗೆ ಕೊಟ್ಟಿದ್ದ ಫಾರಂನಲ್ಲಿ ಹದಿನೆಂಟು ಕಲಮುಗಳು. ಅವುಗಳಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ್ದು ‘ಮೂಲ’ ಎಂಬ ಕಲಮು. ಈ ಕಸುಬು, ಈ ಮಾದರಿ ಎಲ್ಲಿಂದ ಬಂತು ಎಂದು ಬರೆಯಬೇಕು. ಜೊತೆಗೆ, ಹೇಳಿದವನ ಮಾತು ನಂಬತಕ್ಕದ್ದೋ ಅಲ್ಲವೋ ಎಂದು ನಾನೇ ತೀರ್ಪು ಕೊಡಬೇಕು. ತೀರ್ಪು ಕೊಡುವುದೆಂದರೆ ಆ ವಯಸ್ಸಿನಲ್ಲಿ ನನಗೆ ಬಲು ಇಷ್ಟ. ಕೊರಟಗೆರೆಯಲ್ಲಿ ಒಬ್ಬ ಕಮ್ಮಾರ ತನ್ನ ಕುಲುಮೆ ಪಾಳೆಯಗಾರನ ಕತ್ತಿ ಬಡಿದದ್ದು ಎಂದ; ‘ಆಧಾರವಿಲ್ಲ’ ಎಂದು ಬರೆದೆ. ಪುರವರದ ಹತ್ತಿರ ಒಬ್ಬಾಕೆ ತನ್ನ ಮೊರದ ಹೆಣಿಗೆ ಸೀತಮ್ಮ ಕಲಿಸಿದ್ದು ಎಂದಳು; ಅದಕ್ಕೂ ಅದೇ. ಪಾವಗಡದ ಆಚೆ ಕಂಬಳಿ ನೇಯುತ್ತಿದ್ದ ಮುದುಕನೊಬ್ಬ ನನ್ನ ಪ್ರಶ್ನೆಗಳನ್ನು ಸುಮ್ಮನೆ ಕೇಳಿ, “ಏಮಿ ಸಾರೂ, ಕಂಬಳಿಗೆ ಮೂಲ ಕುರಿ. ಕುರಿಗೆ ಮೂಲ ಕುರಿ. ಇಂಕಾ ಏನ್ ಬೇಕು ಬರೆಯೋಕೆ?” ಎಂದ. ಮಗ್ಗದ ಸುತ್ತ ಇದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಅಲ್ಲಿಂದ ಹಿಂದಿರುಗುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅರ್ಧ ದಿನ ಜಾಲಿಮರದ ಕೆಳಗೆ ಕಳೆದದ್ದು ನೆನಪಿದೆ.

ಶಿರಾಕ್ಕೆ ಹೋದದ್ದು ಕಡ್ಲೇಕಾಯಿ ಕೀಳುವ ಕಾಲದಲ್ಲಿ. ಊರಿಗೆ ಊರೇ ಒದ್ದೆ ಮಣ್ಣು ಮತ್ತು ಬೇಯಿಸಿದ ಕಾಯಿಯ ವಾಸನೆಯಲ್ಲಿತ್ತು. ಮಂಡಿಗಳ ಮುಂದೆ ಗಾಡಿಗಳು ಸಾಲುಗಟ್ಟಿ, ರಸ್ತೆ ದಾಟುವುದೇ ಕಷ್ಟ. ಒಂದು ಕಾಲಕ್ಕೆ ಶಿರಾದ ಅಚ್ಚಿನ ಬಟ್ಟೆಗೆ ಹೆಸರಿತ್ತೆಂದು ಓದಿಕೊಂಡು ಹೋಗಿದ್ದೆ. ವಿಚಾರಿಸಿದವರೆಲ್ಲ ಕೈಯಾಡಿಸಿದರು. ಕೊನೆಗೆ ದೊಡ್ಡ ಮಸೀದಿಯ ಹಿಂದೆ ಅತ್ತರು ಮಾರುವವನೊಬ್ಬ, “ಮದಾರ್ ಸಾಬ್ರ ಮನೇಲಿ ಅಚ್ಚು ಅವೆ. ಒತ್ತೋದು ಬುಟ್ಟು ಬಾಳ ವರ್ಷ ಆಯ್ತು. ಓಗಿ, ಆದ್ರೆ ಅವ್ರಿಗೆ ಅರ್ಜೆಂಟ್ ಮಾಡ್ಬೇಡಿ,” ಎಂದ.

ಮದಾರ್ ಸಾಬರಿಗೆ ಎಪ್ಪತ್ತರ ಮೇಲಾಗಿತ್ತು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಮಗಳು ಜೈನಾಬಿ ಅವರೊಡನೆ ಇದ್ದರು. ಆಗ ಅವರಿಗೆ ಮೂವತ್ತೈದಿರಬೇಕು. ಜಗಲಿಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದವರು ನನ್ನ ಫಾರಮುಗಳ ಕಟ್ಟನ್ನು ನೋಡಿ, “ಅಬ್ಬಾ, ಜನ ಎಣಿಸೋರು ಬಂದವ್ರೆ,” ಎಂದು ಒಳಗಿದ್ದ ತಂದೆಗೆ ಕೂಗಿದರು.

ಸಾಬರು ಗೋಣಿಚೀಲ ಬಿಚ್ಚಿ ಅಚ್ಚುಗಳನ್ನು ಒಂದೊಂದಾಗಿ ಚಾಪೆಯ ಮೇಲಿಟ್ಟರು. ನಾಲ್ಕಿದ್ದವು ಎಂದು ನನ್ನ ನೆನಪು. ಒಂದು ಗೆರೆ ಅಚ್ಚು, ತೋಟದ ಪೂರ್ತಿ ನಕ್ಷೆ ಇರುವುದು. ಇನ್ನೆರಡು, ಗೆರೆಗಳ ನಡುವೆ ಬಣ್ಣ ತುಂಬುವುದಕ್ಕೆ. ಇನ್ನೊಂದು ಉದ್ದನೆಯ ಪಟ್ಟಿ, ಅಂಚಿಗೆ ಒತ್ತುವುದು. ಅದಕ್ಕೆ ಅವರು ಬೇಲಿ ಅಚ್ಚು ಎನ್ನುತ್ತಿದ್ದರು.

“ಇದು ನಮ್ಮೂರಿನ ಬಾಗು ಸ್ವಾಮಿ,” ಎಂದರು ಸಾಬರು, ಗೆರೆ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು. ಬಾಗು ಎಂದರೆ ಅವರ ಮಾತಿನಲ್ಲಿ ತೋಟ. “ಕೆರೆ ಕೆಳಗೆ ಸುಬೇದಾರ್ರು ಮಾಡ್ಸಿದ್ ತೋಟ. ನಮ್ಮಜ್ಜನ ಅಜ್ಜ ಕಟ್ಟೆ ಮೇಲೆ ಕೂತು, ನೋಡ್ಕೊಂಡು ಕೆತ್ತಿದ್ದು.”

ಇಂಥ ಮಾದರಿಗಳು ಇರಾನಿನಿಂದ ಬಂದವು, ಎಲ್ಲ ಕಡೆ ಇದೇ ನಾಲ್ಕು ಪಾತಿಯ ತೋಟ ಇರುತ್ತದೆ, ಯಾರೂ ನೋಡಿಕೊಂಡು ಕೆತ್ತುವುದಿಲ್ಲ ಎಂದು ನಾನು ಪಾಠ ಹೇಳಿದೆ.

“ಅಂಗಾರೆ ಇದೇನು?” ಅವರು ಬಾಗಿದ ಕಾಲುವೆಯ ಮೇಲೆ ಬೆರಳಿಟ್ಟರು.

“ಉಳಿ ಜಾರಿರಬೇಕು.”

ಜೈನಾಬಿ ಬೀಡಿ ಕಟ್ಟುವುದನ್ನು ನಿಲ್ಲಿಸಿದರು. ಸಾಬರ ದನಿ ಏರಲಿಲ್ಲ. “ಉಳಿ ಜಾರಿದ್ರೆ ಅಚ್ಚು ಒಲೆಗೆ ಓಯ್ತದೆ ಸ್ವಾಮಿ, ಗೋಣಿಚೀಲಕ್ಕಲ್ಲ. ಬಾಗಿನಾಗೆ ಕಾಲುವೆಗೆ ಬಂಡೆ ಅಡ್ಡ ಬಂದೈತೆ. ಅಲ್ಲಿ ಸೊಟ್ಟ, ಅದ್ಕೆ ಇಲ್ಲೂ ಸೊಟ್ಟ. ಓಗಿ ನೋಡ್ಕೊಂಬನ್ನಿ.”

ಅವರು ಕೇಳಿದ್ದು ಒಂದೇ. ಅಚ್ಚುಗಳನ್ನು ಕೊಡುತ್ತಾರೆ, ಅವರಿಗೆ ಏನೂ ಬೇಡ. “ನನ್ನೆಸ್ರು ಬರೀಬ್ಯಾಡಿ. ನಮ್ಮಜ್ಜಂದೂ ಬ್ಯಾಡ. ಇದು ಶಿರಾದ್ದು, ಶಿರಾದ ತೋಟ, ಅಂತ ಒಂದು ಮಾತು ಬರೀರಿ. ಆ ತೋಟ ಅಂತೂ ಓಯ್ತು. ಇಲ್ಲಿ ಇದ್ದದ್ದು ಇದೊಂದ್ರಾಗೇ ಐತೆ.”

ಆಮೇಲೆ ಒಂದು ಪದ್ಧತಿ ಹೇಳಿದರು. ಅಚ್ಚು ಮನೆಯಿಂದ ಹೊರಗೆ ಹೋಗುವಾಗ, ಅದರಿಂದ ಒಂದು ಗಜ ಬಟ್ಟೆಯಾದರೂ ಒತ್ತಿಯೇ ಕಳಿಸಬೇಕು. ಬಟ್ಟೆಯಿಲ್ಲದೆ ಅಚ್ಚನ್ನು ಯಾರ ಕೈಗೂ ಕೊಡುವಂತಿಲ್ಲ. “ಅಚ್ಚಿಗೆ ಕಣ್ಣಿಲ್ಲ ಸ್ವಾಮಿ. ಬಟ್ಟೆ ಮ್ಯಾಲೆ ಬಿದ್ಮೇಲೇ ಕಣ್ ಬುಡೋದು.” ಅದಕ್ಕೆ ಕಪ್ಪು ಬೇಕು. ತುಕ್ಕು ಹಿಡಿದ ಮೊಳೆ, ಲಾಳದ ಚೂರುಗಳನ್ನು ಬೆಲ್ಲದ ನೀರಿಗೆ ಹಾಕಿ, ಮಡಕೆಯ ಬಾಯಿ ಕಟ್ಟಿ ಬಿಸಿಲಿಗಿಡಬೇಕು. ಅದು ಹುಳಿತು, ನಾರಿ, ಹದಕ್ಕೆ ಬರಲು ಇಪ್ಪತ್ತು ದಿನ.

“ಇಪ್ಪತ್ತು ದಿನವೆ! ನನ್ನ ಪಾರ್ಸಲು ತಿಂಗಳ ಕೊನೆಗೆ ಹೋಗಬೇಕು ಸಾಬರೇ. ಬಜಾರಿನಲ್ಲಿ ಕಪ್ಪು ಬಣ್ಣದ ಪುಡಿ ಸಿಗುವುದಿಲ್ಲವೆ?”

“ಸಿಗ್ತದೆ,” ಎಂದರು ಜೈನಾಬಿ. “ತಲೆಗೂದ್ಲಿಗೆ ಹಚ್ಕೊಳ್ಳೋದು.”

ಮಗಳು ತಂದೆ ಇಬ್ಬರೂ ನಕ್ಕರು. ಅಥವಾ ಮಗಳು ಮಾತ್ರ ನಕ್ಕರೋ?

ನನ್ನದೊಂದು ಉಪಾಯವಿತ್ತು, ಅದು ತುಂಬ ವೈಜ್ಞಾನಿಕವೆಂದೂ ತೋರಿತ್ತು. ಗೆರೆ ಅಚ್ಚಿನ ಮೇಲೆ ತೆಳು ಕಾಗದ ಹಾಸಿ, ಸೀಸದ ಕಡ್ಡಿಯಿಂದ ಮೆಲ್ಲಗೆ ಉಜ್ಜಿದೆ. ಎರಡು ನಿಮಿಷದಲ್ಲಿ ತೋಟದ ನಕ್ಷೆ ಕಾಗದದ ಮೇಲೆ ಮೂಡಿತು. ಇಪ್ಪತ್ತು ದಿನದ ಕೆಲಸ ಎರಡು ನಿಮಿಷಕ್ಕೆ. ಸಾಬರು ಆ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು, ಏನೋ ಹೇಳಲು ಹೊರಟರು. ನಾನು ಆಗಲೇ ಫಾರಂ ತುಂಬುತ್ತಿದ್ದೆ.

ಮರುದಿನ ಬಾಗಿಗೆ ಹೋದೆ. ತೋಟವೆಂಬುದು ಯಾವ ಕಾಲಕ್ಕೋ ಹೊಲವಾಗಿತ್ತು. ಚಿಕ್ಕಣ್ಣ ಎಂಬ ರೈತ ಆಳುಗಳೊಡನೆ ಕಡ್ಲೇಕಾಯಿ ಕೀಳಿಸುತ್ತಿದ್ದ. ಸವೆದ ಕಟ್ಟೆಯೊಂದು, ಉತ್ತರಕ್ಕೆ ಕೊಳ ಇದ್ದ ತಗ್ಗು, ಅಲ್ಲಲ್ಲಿ ಕಾಲುವೆಯ ಕಲ್ಲು ಉಳಿದಿದ್ದವು. ಇಷ್ಟು ನೋಡಿ ನನಗೂ ಆಸೆ ಹುಟ್ಟಿತು. ಕೊಳವನ್ನು ಮೇಲುಗಡೆ ಮಾಡಿ ನಕ್ಷೆ ಹಿಡಿದೆ. ಕಾಲುವೆಯ ತಿರುವು ಬಲಕ್ಕೆ, ಎಂದರೆ ಪೂರ್ವಕ್ಕೆ. ಪೂರ್ವದ ಕಾಲುವೆಯ ಮೇಲೆ ಬೆಳೆದಿದ್ದ ಹುಲ್ಲು ಕಿತ್ತು, ಹಗ್ಗ ಎಳೆದು ನೋಡಿದೆ. ಕಾಲುವೆ ಹಗ್ಗದಷ್ಟೇ ನೆಟ್ಟಗಿತ್ತು. ಬಂಡೆ ಗಿಂಡೆ ಏನೂ ಇರಲಿಲ್ಲ.

ಚಿಕ್ಕಣ್ಣ ಏನೋ ಕೂಗಿ ಹೇಳುತ್ತ ಪಡುವಣಕ್ಕೆ ಕೈ ತೋರಿದ ಎಂದು ಈಗ ಅನ್ನಿಸುತ್ತದೆ. ಆ ಬದಿಯಲ್ಲಿ ಕಿತ್ತ ಗಿಡಗಳ ಮೆದೆ ಒಟ್ಟಿದ್ದರು ಎಂದೂ, ನಾನು ಬಸ್ಸಿನ ಹೊತ್ತಾಯಿತು ಎಂದು ಗಡಿಯಾರ ನೋಡಿಕೊಂಡೆ ಎಂದೂ ಅನ್ನಿಸುತ್ತದೆ. ಆದರೆ ಇದು ನೆನಪೋ, ಮಹಲಿನಲ್ಲಿ ಆ ಬಟ್ಟೆ ಕಂಡ ಮೇಲೆ ನನ್ನ ತಪ್ಪಿಗೆ ನಾನೇ ಕಟ್ಟಿಕೊಂಡ ಸಾಕ್ಷಿಯೋ? ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: ಶಿರಾ. ಬಾಗು ನೋಡಿದೆ. ಸೊಟ್ಟ ಇಲ್ಲ. ಬಸ್ಸು ತಪ್ಪಿತು.

ಅಚ್ಚಿನಲ್ಲಿ ಬಲಕ್ಕಿದ್ದದ್ದು ಬಟ್ಟೆಯಲ್ಲಿ ಎಡಕ್ಕೆ ಬೀಳುತ್ತದೆ. ಕಚೇರಿಯಲ್ಲಿ ರಬ್ಬರ್ ಮೊಹರು ಒತ್ತುವ ಯಾವ ಗುಮಾಸ್ತನಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ನನ್ನ ವರದಿಯ ಪ್ರತಿ ಪುಟಕ್ಕೂ ನಾನೇ ಮೊಹರು ಒತ್ತಿದ್ದೆ, ಎಡಬಲ ತಿರುಗಿಸಿ ಕೆತ್ತಿದ ಅಕ್ಷರಗಳನ್ನು ದಿನಾ ನೋಡುತ್ತಿದ್ದೆ. ಕಾಗದದ ಮೇಲೆ ಉಜ್ಜಿ ತೆಗೆದ ನಕ್ಷೆ ಅಚ್ಚಿನದು, ಬಟ್ಟೆಯದಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ. ಪಡುವಣದಲ್ಲಿ ಹುಡುಕಬೇಕಾದ ಬಂಡೆಯನ್ನು ಮೂಡಣದಲ್ಲಿ ಹುಡುಕಿ, ಇಲ್ಲವೆಂದು ತೀರ್ಪು ಕೊಟ್ಟೆ.

ಸಾಬರಿಗೆ ಹೋಗಿ ಹೇಳಿದೆ. “ಕಾಲುವೆ ನೆಟ್ಟಗಿದೆ ಸಾಬರೇ. ಹಗ್ಗ ಹಿಡಿದು ನೋಡಿದೆ.”

ಅವರು ಎದ್ದು, ಆಗಲೇ ಬಿಸಿಲಿಗಿಟ್ಟಿದ್ದ ಮಡಕೆಯನ್ನು ತುಸು ಸರಿಸಿದರು. “ಕಪ್ಪು ಹದಕ್ಕೆ ಬರ್ಲಿ. ಒತ್ತಿ ತೋರುಸ್ತೀನಿ,” ಎಂದಷ್ಟೇ ಹೇಳಿದರು. ಸೋತವರು ದಿನ ದೂಡುವ ಮಾತೆಂದು ನಾನು ತಿಳಿದೆ.

ಮಡಕೆಯಿಟ್ಟ ಎಂಟನೆಯ ದಿನ ಅಚ್ಚುಗಳನ್ನು ತೆಗೆದುಕೊಂಡು ಮಧುಗಿರಿಗೆ ಬಂದೆ. ಬೇಲಿ ಅಚ್ಚನ್ನು ಅಲ್ಲೇ ಬಿಟ್ಟೆ, ಅಂಥ ಬಳ್ಳಿಯಂಚು ಎಲ್ಲೆಂದರಲ್ಲಿ ಸಿಗುತ್ತದೆ ಎಂದು. ಪಾರ್ಸಲು ಹೋಯಿತು. ಸಂಕ್ರಾಂತಿಗೆ ಸಮೀಕ್ಷೆ ಮುಗಿದು, ಊರೂ ಕೆಲಸವೂ ಬದಲಾದವು. ಆಮೇಲೆ ತುಮಕೂರಿನ ಕಾಲೇಜೊಂದರಲ್ಲಿ ಅಧ್ಯಾಪಕನಾದೆ. ಆಧಾರವಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಎಂಟು ವರ್ಷದಿಂದ ಹೇಳಿಕೊಡುತ್ತಿದ್ದೇನೆ.

ಪ್ರವಾಸದಿಂದ ಬಂದ ಹದಿನೈದು ದಿನಕ್ಕೆ ಶಿರಾಕ್ಕೆ ಹೋದೆ. ಮತ್ತೆ ಕಡ್ಲೇಕಾಯಿಯ ಕಾಲವೇ. ಮಸೀದಿಯ ಹಿಂದಿನ ಮನೆಯಲ್ಲಿ ಜೈನಾಬಿ ಅದೇ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಕೂದಲು ನೆರೆತಿತ್ತು, ಕನ್ನಡಕ ಬಂದಿತ್ತು. ಸಾಬರು ತೀರಿಕೊಂಡು ಏಳು ವರ್ಷವಾಗಿತ್ತು. ನಾನು ಹೆಸರು ಹೇಳುವ ಮೊದಲೇ ಅವರು ಗುರುತು ಹಿಡಿದರು.

“ಓ, ಅರ್ಜೆಂಟ್ ಸ್ವಾಮಿಗಳು! ಬನ್ನಿ ಕೂತ್ಕಳಿ. ಅಬ್ಬಾ ನಿಮ್ಮನ್ನ ಬಾಳ ದಿನ ಕಾದ್ರು.”

“ನನ್ನನ್ನೆ? ಯಾಕೆ?”

“ಯಾಕೆ ಅಂದ್ರೆ? ಪಾರ್ಸಲ್ ಓಗೋ ಮುಂಚೆ ಅಚ್ಚು ತಂದು ಒತ್ತುಸ್ಕೊಂಡು ಓಯ್ತೀನಿ ಅಂತ ಮಾತು ಕೊಟ್ಟಿದ್ರಲ್ಲ ನೀವು. ಆ ಮಾತಿನ ಮ್ಯಾಲೆ ತಾನೆ ಅವ್ರು ಒತ್ತದೆ ಅಚ್ಚು ಕೊಟ್ಟಿದ್ದು?”

ನಾನು ಅಂಥ ಮಾತು ಕೊಟ್ಟಿದ್ದೆನೆ? ಕೊಟ್ಟಿರಲಾರೆ ಎನ್ನಲು ನಾಲಗೆ ಏಳಲಿಲ್ಲ, ಕೊಟ್ಟಿದ್ದೆ ಎನ್ನಲು ನೆನಪು ಏಳಲಿಲ್ಲ. ಆ ಮನೆಯ ಬಾಗಿಲು, ಚಾಪೆ, ಗೋಣಿಚೀಲ, ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆ, ಎಲ್ಲವೂ ಕಣ್ಣೆದುರಿಗಿವೆ. ನಾನೇ ಆಡಿದ ಮಾತೊಂದು ಮಾತ್ರ ಇಲ್ಲ. ಆಡದ ಮಾತಿನ ಮೇಲೆ ಆ ಮನುಷ್ಯ ತನ್ನ ಮನೆಯ ಪದ್ಧತಿ ಮುರಿಯುತ್ತಿದ್ದರೇ?

“ಕಾಗದದ ಮೇಲೆ ಉಜ್ಜಿದ್ದು ಉಲ್ಟಾ ಅಂತ ಅವರಿಗೆ ಗೊತ್ತಿತ್ತೆ?” ಎಂದು ಕೇಳಿದೆ.

“ನೋಡಿದ್ ತಕ್ಷಣ ಗೊತ್ತಾಯ್ತು. ನಾನೇ ಹೇಳ್ದೆ, ಅಬ್ಬಾ, ಅವ್ರು ತಪ್ಪು ದಿಕ್ಕಿಗೆ ಓಯ್ತಾವ್ರೆ, ಹೇಳು ಅಂತ. ಅವ್ರು ಅಂದ್ರು, ಬಾಯಲ್ ಹೇಳಿದ್ರೆ ಅದ್ಕೂ ವಾದ ಮಾಡ್ತಾರೆ ಕಣಮ್ಮ, ಬಟ್ಟೆ ನೋಡ್ಲಿ, ಬಟ್ಟೆ ಕೂಡೆ ಯಾರೂ ವಾದ ಮಾಡಕ್ಕಾಗಲ್ಲ, ಅಂತ.”

“ಹಾಗೆನ್ನುವಾಗ ಸಾಬರು ನಕ್ಕರೇ?”

“ನಗಕ್ಕೇನೈತೆ ಅದ್ರಾಗೆ?”

ಜೈನಾಬಿ ಒಳಗೆ ಹೋಗಿ ಟ್ರಂಕಿನಿಂದ ಒಂದು ಬಟ್ಟೆ ತಂದು ಹಾಸಿದರು. ಅಳಲೆಕಾಯಿಯ ನೀರಲ್ಲಿ ಅದ್ದಿ ಹಳದಿ ತಿರುಗಿದ ಒಂದು ಗಜ ಬಟ್ಟೆ. ನಾಲ್ಕೂ ಅಂಚಿಗೆ ಅಚ್ಚುಕಟ್ಟಾಗಿ ಒತ್ತಿದ ಕಪ್ಪು ಬಳ್ಳಿ, ಮೂಲೆಗಳಲ್ಲಿ ಕೂಡ ಒಂದೆಳೆ ಏರುಪೇರಿಲ್ಲ. ನಡುವೆ ಏನೂ ಇಲ್ಲ. ಇಪ್ಪತ್ತನೆಯ ದಿನ ಕಪ್ಪು ಹದಕ್ಕೆ ಬಂತಂತೆ. ಐದು ದಿನ ಕಾದರಂತೆ. ಆರನೆಯ ದಿನ, ಹದವಾದ ಬಣ್ಣ ಕೆಡಿಸಬಾರದೆಂದು, ಮನೆಯಲ್ಲಿ ಉಳಿದಿದ್ದ ಒಂದೇ ಅಚ್ಚಿನಿಂದ ಬೇಲಿ ಒತ್ತಿ, ನಡುವಿನ ಜಾಗ ಹಾಗೇ ಬಿಟ್ಟರಂತೆ.

“ನಾಲ್ಕು ಅಚ್ಚಿದ್ದವು ಅಲ್ಲವೆ?” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ನಾಲ್ಕೇ. ಮೂರು ನೀವು ತಗೊಂಡ್ರಿ.”

ಇದೊಂದು ಸರಿಯಾಗಿ ನೆನಪಿತ್ತು. ಅದರಿಂದ ಸಮಾಧಾನವಾಗಲಿಲ್ಲ.

ಅಲ್ಲಿಂದ ಬಾಗಿನ ಹೊಲಕ್ಕೆ ನಡೆದೆ. ಚಿಕ್ಕಣ್ಣ ಈಗ ಬಾವಿಗೆ ಡೀಸೆಲ್ ಪಂಪು ಕೂರಿಸಿದ್ದ. ಪಡುವಣದ ಕಡೆ ಕಾಲುವೆಯ ಕಲ್ಲುಗಳನ್ನು ಬಹುಮಟ್ಟಿಗೆ ಎತ್ತಿ ಬಾವಿಯ ಗೋಡೆಗೆ ಹಾಕಿಕೊಂಡಿದ್ದ. ಆದರೆ ಪಂಪಿನ ನೀರು ಹರಿಯುತ್ತಿದ್ದದ್ದು ಹಳೆಯ ಜಾಡಿನಲ್ಲೇ. ಕಟ್ಟೆಯಿಂದ ಸುಮಾರು ಮೂವತ್ತು ಹೆಜ್ಜೆಗೆ, ನೆಲದಿಂದ ಮೊಳದೆತ್ತರ ಎದ್ದ ಬಂಡೆಯ ಬೆನ್ನೊಂದು ಅಡ್ಡ ಬಂದಿತ್ತು. ನೀರು ಅದನ್ನು ಬಳಸಿ, ಮೊಣಕೈಯಂತೆ ಬಾಗಿ, ಮತ್ತೆ ನೆಟ್ಟಗಾಗುತ್ತಿತ್ತು. ಆ ತಿರುವಿನಲ್ಲಿ ಮಾತ್ರ ಹಳೆಯ ಕಲ್ಲುಗಳು ಕದಲದೆ ಉಳಿದಿದ್ದವು.

“ಇಲ್ಲಿ ಯಾವಾಗಲೂ ಹೀಗೇ ತಿರುಗುತ್ತದೆಯೆ ನೀರು?”

“ಬಂಡೆ ಅಡ್ಡ ಬಂದ್ರೆ ನೀರು ಏನ್ ಮಾಡ್ತದೆ ಸ್ವಾಮಿ? ನಿಮ್ಮಂಗೆ ನಿಂತು ವಾದ ಮಾಡ್ತದಾ? ತಿರುಕ್ಕೊಂಡು ಓಯ್ತದೆ.” ಆಮೇಲೆ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದ. “ನೀವು ಮುಂಚೆ ಒಂದ್ಸಲ ಹಗ್ಗ ತಗೊಂಡು ಬಂದಿದ್ರಲ್ಲವಾ? ಈ ಕಡೆ ಬನ್ನಿ, ಈ ಕಡೆ ಬನ್ನಿ ಅಂತ ನಾನು ಬಾಯ್ ಬಡ್ಕೊಂಡ್ರೆ, ಗಡಿಯಾರ ನೋಡ್ಕೊಂಡು ಓಡೋದ್ರಿ.”

ಹಾಗಾದರೆ ಅದು ನೆನಪೇ. ಒಂದು ಬಂಡೆಯಿಂದ ಏನೂ ಸಿದ್ಧವಾಗುವುದಿಲ್ಲ, ಕಾಕತಾಳೀಯವೂ ಇರಬಹುದು ಎಂದು ಆಗಲೂ ನನ್ನ ಒಳಗೊಬ್ಬ ಹೇಳುತ್ತಿದ್ದ. ಹಗ್ಗ ತರಿಸಿ ಅಳೆದೆ. ಕಟ್ಟೆಯಿಂದ ತಿರುವಿಗೆ, ತಿರುವಿನಿಂದ ಕಾಲುವೆಯ ತುದಿಗೆ ಇರುವ ದೂರದ ಲೆಕ್ಕ, ಡೈರಿಯಲ್ಲಿ ಉಳಿದಿದ್ದ ಆ ಉಜ್ಜಿದ ಕಾಗದದ ಲೆಕ್ಕಕ್ಕೆ ಹೆಚ್ಚುಕಡಿಮೆ ಕೂಡಿತು. ಒಳಗಿನವನು ಸುಮ್ಮನಾದ, ಪೂರ್ತಿ ಅಲ್ಲ.

ಅದೇ ವಾರ ವಸ್ತುಸಂಗ್ರಹಾಲಯಕ್ಕೆ ಆರು ಪುಟದ ಕಾಗದ ಬರೆದೆ. ಅಳತೆ, ನಕ್ಷೆ, ಜೈನಾಬಿಯವರ ಹೇಳಿಕೆ, ನನ್ನ ತಪ್ಪೊಪ್ಪಿಗೆ, ಎಲ್ಲ ಹಾಕಿದೆ. ಕೇಳಿದ್ದು ಚೀಟಿಯಲ್ಲಿ ಒಂದು ಪದ ಮಾತ್ರ. ಉತ್ತರ ಪುಷ್ಯ ಮಾಸದಲ್ಲಿ ಬಂತು. ಬಹಳ ಸೌಜನ್ಯದ ಉತ್ತರ. ತಮ್ಮ ಆಸಕ್ತಿಗೆ ವಂದನೆಗಳು. ಆದರೆ ಈ ಅಚ್ಚುಗಳ ಬಗ್ಗೆ ನಮ್ಮಲ್ಲಿರುವ ಏಕೈಕ ಲಿಖಿತ ದಾಖಲೆಯ ಪ್ರಕಾರ, ಶಿರಾದ ತೋಟದೊಡನೆ ಸಂಬಂಧ ಹೇಳುವ ಮಾತು ನಂಬಲರ್ಹವಲ್ಲ. ಸ್ಥಳ ಪರಿಶೀಲನೆಯ ನಂತರವೇ ಹಾಗೆ ಬರೆಯಲಾಗಿದೆ. ವರ್ಷಗಳ ಮೇಲಿನ ನೆನಪಿಗಿಂತ ಅಂದಂದೇ ಬರೆದ ದಾಖಲೆಗೆ ಹೆಚ್ಚು ಬೆಲೆ ಕೊಡುವುದು ನಮ್ಮ ಕ್ರಮ. ಜೊತೆಗೆ ದಾಖಲೆಯ ನಕಲು. ಕೆಳಗೆ ನನ್ನ ರುಜು, ಪಕ್ಕದಲ್ಲಿ ಮೊಹರು.

ನಾನು ಆ ಕುರ್ಚಿಯಲ್ಲಿ ಕೂತಿದ್ದರೂ ಇದೇ ಉತ್ತರ ಬರೆಯುತ್ತಿದ್ದೆ, ಒಂದಕ್ಷರ ಬಿಡದೆ. ಯಾರನ್ನು ಬೈಯಲಿ? ಕಾಗದವನ್ನು ಲಲಿತೆಯ ಮುಂದೆ ಬಿಸಾಡಿದೆ. ಅವಳು ಎರಡು ಸಲ ಓದಿ, “ಆ ಜೈನಾಬಿಯವರಿಗೆ ತಿಳಿಸಿದಿರಾ?” ಎಂದಳು. ತಿಳಿಸಿರಲಿಲ್ಲ. ಸೋತ ಸುದ್ದಿ ಹೇಳುವುದಕ್ಕೆ ಬಸ್ಸು ಹತ್ತಲು ಮನಸ್ಸಿರಲಿಲ್ಲ. ಅವಳು ಚೀಲ ತುಂಬಿ ಕೈಗಿಟ್ಟಳು.

ಜೈನಾಬಿ ಪೂರ್ತಿ ಕೇಳಿಸಿಕೊಂಡರು. ಉತ್ತರ ಬರೆದವರ ಮೇಲೆ ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಕೊನೆಗೆ ಕೇಳಿದ್ದು ನಾನು ನಿರೀಕ್ಷಿಸದ ಪ್ರಶ್ನೆ.

“ಅಲ್ಲಿ ನೇತಾಕವ್ರೆ ಅಂದ್ರಲ್ಲ ಬಟ್ಟೆ, ಅದ್ಕೆ ಬೇಲಿ ಐತಾ?”

“ಇಲ್ಲ. ತೋಟ ಮಾತ್ರ.”

“ಬೇಲಿ ಇಲ್ದೆ ತೋಟ ಹೆಂಗಾಯ್ತದೆ ಸ್ವಾಮಿ? ಅದು ಬಯ್ಲು.” ಅವರು ಎದ್ದು ಗೂಡಿನಿಂದ ಬೇಲಿ ಅಚ್ಚು ತಂದು ನನ್ನ ಕೈಗೆ ಕೊಟ್ಟರು. “ಇದನ್ನ ಸರಿಯಾಗಿ ನೋಡಿದ್ದೀರಾ?”

ನೋಡಿರಲಿಲ್ಲ. ಬಳ್ಳಿಯ ಎಲೆಗಳ ಸಂದಿಯಲ್ಲಿ ಎರಡು ಸಣ್ಣ ಕಚ್ಚುಗಳಿದ್ದವು. ಗೆರೆ ಅಚ್ಚಿನ ಅಂಚಿನಲ್ಲೂ ಅಂಥವೇ ಎರಡು ಇವೆ, ಒತ್ತುವವನು ಒಂದರ ಪಕ್ಕ ಒಂದನ್ನು ಕೂಡಿಸಿಕೊಳ್ಳಲಿ ಎಂದು ಕೆತ್ತಿದ್ದು ಎಂದರು. ಈ ಬೇಲಿ ಆ ತೋಟಕ್ಕಲ್ಲದೆ ಬೇರೆ ಯಾವುದಕ್ಕೂ ಕೂಡುವುದಿಲ್ಲ, ಆ ತೋಟಕ್ಕೆ ಬೇರೆ ಬೇಲಿಯೂ ಕೂಡುವುದಿಲ್ಲ. “ಅದು ಯಾವೂರ್ದು ಅಂತ ಗೊತ್ತಿಲ್ಲ ಅಂತಾರಲ್ಲ. ಇದರ ಬಟ್ಟೆ ಕಳ್ಸಿ. ಅವ್ರೇ ಪಕ್ಕಕ್ಕಿಟ್ಟು ನೋಡ್ಲಿ. ಉಳಿದ ಅರ್ಧ ಯಾರ ಮನೇಲಿ ಐತೋ ಅದು ಆ ಊರ್ದು ತಾನೆ?”

ಎಂ.ಎ. ಮಾಡಿದವನು ಆರು ಪುಟದಲ್ಲಿ ಹೇಳಲಾಗದ ಆಧಾರ ಅದು. ಎಂಟು ವರ್ಷ ಈ ಗೂಡಿನಲ್ಲೇ ಇತ್ತು, ನಾನು ಬೇಡವೆಂದು ಬಿಟ್ಟುಹೋದ ಕಡೆಯೇ.

“ಟ್ರಂಕಿನಲ್ಲಿರುವ ಬಟ್ಟೆಯನ್ನೇ ಕೊಡಿ, ನಾಳೆಯೇ ರಿಜಿಸ್ಟರ್ ಮಾಡಿ ಕಳಿಸುತ್ತೇನೆ,” ಎಂದೆ.

“ಅದು ಅಬ್ಬಾ ಒತ್ತಿದ್ದು. ಅದನ್ನ ಕೊಡಲ್ಲ. ಒಸ್ದು ಒತ್ತಿಕೊಡ್ತೀನಿ.”

“ಆಗಲಿ. ಯಾವಾಗ?”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಉತ್ತರ ನನಗೆ ಗೊತ್ತಿತ್ತು. ಕಾಲೇಜಿಗೆ ನಾಲ್ಕು ದಿನದ ರಜೆ ಹಾಕಿ ಬಂದಿದ್ದೆ. ಅಂಚೆ ಕಚೇರಿಗೆ ಹೋಗಿ ಇನ್ನೊಂದು ಅರ್ಜಿ ಹಾಕಿದೆ. ಕಾರಣ ಎಂಬಲ್ಲಿ ಏನು ಬರೆಯುವುದೋ ತಿಳಿಯದೆ ‘ಸ್ವಂತ ಕೆಲಸ’ ಎಂದು ಬರೆದೆ. ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದೆ. ಈ ಬರಹ ಬರೆಯುತ್ತಿರುವುದು ಅಲ್ಲೇ. ಲಾರಿಗಳ ಸದ್ದಿಗೆ ಎರಡು ಸಾಲು ನೆಟ್ಟಗೆ ಬರೆಯಲಾಗುವುದಿಲ್ಲ. ದಿನಾ ಬೆಳಿಗ್ಗೆ ಹೋಗಿ ಮಡಕೆಯ ಬಾಯಿಯ ಬಟ್ಟೆ ಬಿಚ್ಚಿ ಮೂಸುತ್ತೇನೆ. ಜೈನಾಬಿ ನಗುತ್ತಾರೆ. “ನೀವು ಮೂಸಿದ್ರೆ ಬೇಗ ಆಯ್ತದಾ?”

ಇವತ್ತಿಗೆ ಇಪ್ಪತ್ತು ದಿನ. ಬಿಳಿ ಬಟ್ಟೆ ತೆಗೆದುಕೊಂಡು, ಉತ್ಸಾಹದಿಂದ ಹೋದೆ. ಅವರು ಒಂದು ತೊಟ್ಟು ಕಪ್ಪನ್ನು ಬಟ್ಟೆಯ ಚೂರಿನ ಮೇಲೆ ಬಿಟ್ಟು, ಬಿಸಿಲಿಗೆ ಹಿಡಿದು ನೋಡಿ, ತಲೆಯಾಡಿಸಿದರು.

“ಈ ಸಲ ಬಿಸ್ಲು ಸಾಲ್ದು. ಇನ್ನೂ ಮೂರು ದಿನ ಆಯ್ತದೆ. ನಿಮ್ಗೆ ಅರ್ಜೆಂಟ್ ಇದ್ರೆ...”

ನಾನು ಗಡಿಯಾರ ನೋಡಿಕೊಂಡೆ, ಅಭ್ಯಾಸ. ತುಮಕೂರಿನ ಬಸ್ಸಿಗೆ ಕಾಲು ಗಂಟೆಯಿತ್ತು. ಜಗಲಿಯ ಮೇಲೆ, ಮಡಕೆಯ ಪಕ್ಕ, ಕೂತುಕೊಂಡೆ.